ಗುಂಡು ಬಿದ್ದ ಮೇಲಿನ ಮಾತು

ಸವದತ್ತಿಯಿಂದ ಬೆಳಗಾವಿಗೆ ಹೊರಟ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಯುದ್ಧದ ಸಿನಿಮಾ ನೋಡುತ್ತಿದ್ದೆ. ನಾಯಕನ ಗೆಳೆಯ ಗುಂಡು ತಿಂದ ಮೇಲೂ ಉದ್ದುದ್ದ ಮಾತಾಡಿ ಸತ್ತ. ಇಣುಕಿ ನೋಡುತ್ತಿದ್ದ ಪಕ್ಕದ ಮುದುಕಿಗೆ ಸುಮ್ಮನೆ ಒಂದು ರೈಲು ಬಿಟ್ಟೆ: “ಎಲ್ಲಾ ಸುಳ್ಳರಿ ಅವ್ವಾ. ನಾ ಮಿಲಿಟರಿಯಾಗ ಇದ್ದಾಂವ. ಗುಂಡು ಬಿದ್ರ ಅಲ್ಲೇ ಖಲಾಸ್, ನೋವೂ ತಿಳಿಯಂಗಿಲ್ಲ.”

ಅವಳು ನನ್ನ ಕೈ ಹಿಡಿದಳು. “ಖರೇ ಏನೋ ಯಪ್ಪಾ? ನನ್ನ ಮಗ ಗಡಿಯಾಗ ಗುಂಡು ಬಿದ್ದು ಹೋದ. ಇಂಥಾ ಸಿನಿಮಾ ನೋಡಿದಾಗಿಂದ, ಅಂವನೂ ಹಿಂಗ ಒದ್ದಾಡಿದ್ನೇನೋ ಅಂತ ನಿದ್ದಿ ಇಲ್ಲ.”

ಜಾತ್ರೆಯ ಬಂದೂಕಿನಿಂದ ಬಲೂನು ಸಹ ಒಡೆದವನಲ್ಲ ನಾನು. “ಖರೇನ ಅವ್ವಾ,” ಅಂದೆ.

ಅವಳು ನನ್ನ ಹೆಗಲಿಗೊರಗಿ ನಿದ್ದೆಹೋದಳು. ನಾನು ಇಳಿಯಬೇಕಾದ ಯರಗಟ್ಟಿ ಬಂತು, ಹೋಯಿತು. ಕಂಡಕ್ಟರ್ ಮತ್ತೊಂದು ಟಿಕೆಟ್ ತಗೋ ಎಂದ. ಈ ‘ಮಾಜಿ ಸೈನಿಕ’ ಹೆಗಲು ಅಲುಗಿಸದೆ ಒಂದೇ ಕೈಯಿಂದ ರೊಕ್ಕ ಕೊಟ್ಟ.