ಮುಂದಿನ ಮಾಡೆಲ್ಲಿನ ಮಾಸ್ತರಸಾಬರು

ಮಾಸ್ತರಸಾಬರ ಎಡಗೈಯ ಕಿರುಬೆರಳು ನನ್ನ ತೋರುಬೆರಳಿಗಿಂತ ದಪ್ಪವಿತ್ತು. ಜೀವಮಾನವಿಡೀ ಟೈಪ್‌ರೈಟರಿನ ಅಂಚಿನ ಅಕ್ಷರವನ್ನು ಒತ್ತಿ ಒತ್ತಿ ಹಾಗೆ ಆದದ್ದು. ಆ ಬೆರಳಿಗೆ ಹೊಸ ಲ್ಯಾಪ್‌ಟಾಪಿನ ಚೀಲದ ಪಟ್ಟಿಯನ್ನು ಸುತ್ತಿಕೊಂಡು, ಚೀಲವನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಅವರು ಕಮಲಾಪುರದ ಬಸ್ಸಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಕೂತ ನಾನು, ನನ್ನ ಹುಟ್ಟುಗುಣದಂತೆ, ಏನೇನು ಕೆಡಬಹುದು ಎಂದು ಯೋಚಿಸುತ್ತಿದ್ದೆ.

ಚೀಲದ ಪಟ್ಟಿ ಹರಿಯಬಹುದು. ತಲೆಯ ಮೇಲಿನ ಹಲಗೆಯಿಂದ ಯಾರದೋ ಜೋಳದ ಗಂಟು ನೇರ ಅದರ ಮೇಲೆಯೇ ಬೀಳಬಹುದು. ಹಿಂದಿನ ಸೀಟಿನ ಅಜ್ಜಿಯ ಮಜ್ಜಿಗೆ ತಂಬಿಗೆ ಉರುಳಬಹುದು. ರಸ್ತೆಯ ತಗ್ಗಿಗೆ ಕುಲುಕಿ ಒಳಗಿನ ಯಾವುದೋ ತಂತಿ ಸಡಿಲಾಗಬಹುದು. ಬಿಸಿಲಿಗೆ ಪರದೆ ಕಪ್ಪಾಗಬಹುದು. ಮಾಸ್ತರಸಾಬರು ಪಾಸ್‌ವರ್ಡ್ ಮರೆಯಬಹುದು. ಅದನ್ನು ನನಗೂ ಒಮ್ಮೆ ಹೇಳಿಡಿ ಎಂದರೆ ಅವರು ಒಪ್ಪಿರಲಿಲ್ಲ. ಇದನ್ನು ನೋಡಬೇಕಾದ ಗಿರಣಿ ಗೌಡರು ಬರದೇ ಇರಬಹುದು. ಅಥವಾ, ಇದು ಇನ್ನೂ ಕೆಟ್ಟದ್ದು, ಬರಬಹುದು. ಎಲ್ಲಕ್ಕಿಂತ ಮೇಲಾಗಿ ಬ್ಯಾಟರಿ ನಡುವೆ ಕೈಕೊಡಬಹುದು.

"ಯಾಕ ತುಟಿ ಅಲ್ಲಾಡಿಸ್ಲಾಕತ್ತೀರಿ? ಜಪ ಮಾಡ್ತೀರೇನು?" ಎಂದರು ಮಾಸ್ತರಸಾಬರು.

"ಇಲ್ರಿ ಸಾಬ್. ಚಿಂತಿ ಮಾಡ್ಲಾಕತ್ತೀನಿ."

"ಮಾಡ್ರಿ, ಮಾಡ್ರಿ. ನನ್ನ ಪಾಲಿಂದೂ ನೀವ ಮಾಡಿಬಿಟ್ರ ನನಗ ಜರಾ ಹಗುರ."

ಅವರು ನನಗೆ ಟೈಪಿಂಗ್ ಕಲಿಸಿದ್ದು ಎಂಬತ್ತರ ದಶಕದಲ್ಲಿ. ಕಲಬುರಗಿಯ ಮೋಮಿನಪುರದ ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿ ಅವರ ಇನ್‌ಸ್ಟಿಟ್ಯೂಟು. ಕೆಳಗಿನಿಂದ ಬಿಸಿ ಬನ್ನಿನ ವಾಸನೆ, ಮೇಲೆ ಮೆಷಿನ್ ಎಣ್ಣೆಯ ವಾಸನೆ. ಇವತ್ತಿಗೂ ಬನ್ನು ಕಂಡರೆ ನನ್ನ ಬೆರಳುಗಳು ತಾವಾಗಿ ಆಡುತ್ತವೆ. ಕಲಿಯುವವರ ಕೈಗಳ ಮೇಲೆ ಅವರು ಟವೆಲ್ಲು ಹೊದಿಸುತ್ತಿದ್ದರು. ಅಕ್ಷರ ನೋಡಲು ಟವೆಲ್ಲಿನ ಅಂಚು ಎತ್ತಿದರೆ ಹಿಂದಿನಿಂದ ದನಿ ಬರುತ್ತಿತ್ತು: "ನಕ್ಕೋ, ನೋಡಬ್ಯಾಡ್ರಿ! ಬೆರಳಿಗೆ ಕಣ್ಣು ಬರ್ಲಿ." ಯಾವ ಮೆಷಿನ್ನೂ ಅವರ ಬಾಯಲ್ಲಿ ಕೆಟ್ಟದ್ದೇ ಇಲ್ಲ. "ಮೂರನೇದರ ತಬಿಯತ್ ಸರಿ ಇಲ್ಲ, ಇವತ್ತು ಅದಕ್ಕ ರಜಾ," ಎನ್ನುತ್ತಿದ್ದರು. ಪರೀಕ್ಷೆಯ ದಿನ ನಾನು ಅಂಜುತ್ತೇನೆಂದು ಅವರಿಗೆ ಗೊತ್ತಿತ್ತು. ಕೇಂದ್ರದ ಬಾಗಿಲಲ್ಲಿ ನನ್ನ ಎರಡೂ ಅಂಗೈಗಳನ್ನು ತಮ್ಮ ಕೈಯೊಳಗಿಟ್ಟು ಬಿಸಿಯಾಗುವಷ್ಟು ತಿಕ್ಕಿ, "ಈಗ ಹೋಗ್ರಿ, ತಲಿ ಮನ್ಯಾಗ ಬಿಟ್ಟು ಬರೀ ಕೈ ತಗೊಂಡು ಹೋಗ್ರಿ," ಎಂದಿದ್ದರು. ಪಾಸಾದೆ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದೆ. ನನ್ನ ಮನೆಯಲ್ಲಿ ಬೇಯುವ ಅನ್ನ ಅವರು ತಿಕ್ಕಿ ಕಾಯಿಸಿದ ಆ ಕೈಗಳದ್ದು.

ಕಲಬುರಗಿಯ ಕ್ಲಾಸಿನ ಜೊತೆಗೆ ಅವರು ವಾರಕ್ಕೆರಡು ಸಲ ಕಮಲಾಪುರಕ್ಕೆ ಹೋಗುತ್ತಿದ್ದರು. ಅಲ್ಲಿ ಹಿಟ್ಟಿನ ಗಿರಣಿಯ ಮಗ್ಗುಲಿನ ಒಂದು ಖೋಲಿಯಲ್ಲಿ ಹುಡುಗಿಯರಿಗಾಗಿಯೇ ಒಂದು ಕ್ಲಾಸು. ಹೆಣ್ಣುಮಕ್ಕಳನ್ನು ದಿನಾ ಶಹರಕ್ಕೆ ಕಳಿಸಲು ಮನೆಯವರು ಒಪ್ಪುತ್ತಿರಲಿಲ್ಲ. "ಹುಡುಗೇರು ಬಸ್ ಹತ್ತಂಗಿಲ್ಲ ಅಂದ್ರ ಮಾಸ್ತರ್ ಹತ್ತತಾನ, ಅದಕ್ಯಾಕ ಗಲಾಟಿ?" ಎಂಬುದು ಅವರ ಮಾತು. ಆ ಖೋಲಿಯಲ್ಲಿ ಕಲಿತ ಹೆಣ್ಣುಮಕ್ಕಳು ಕೋರ್ಟಿನಲ್ಲಿ, ತಾಲೂಕು ಕಚೇರಿಯಲ್ಲಿ ನೌಕರಿ ಹಿಡಿದರು. ಗಿರಣಿಯೂ ಖೋಲಿಯೂ ಒಬ್ಬರದೇ. ಅವರನ್ನು ಊರೆಲ್ಲ ಗಿರಣಿ ಗೌಡರು ಎನ್ನುತ್ತಿತ್ತು. ಕೆಟ್ಟ ಮನುಷ್ಯರಲ್ಲ. ಆದರೆ ನಗುವ ಅವಕಾಶ ಸಿಕ್ಕರೆ ಬಿಡುವವರೂ ಅಲ್ಲ.

ಆ ಅವಕಾಶ ಅವರಿಗೆ ಸಿಕ್ಕದ್ದು ಮಾಸ್ತರಸಾಬರು ಹೈದರಾಬಾದಿನಿಂದ ವಿದ್ಯುತ್ ಟೈಪ್‌ರೈಟರು ತಂದ ದಿನ. ಕಮಲಾಪುರದಲ್ಲಿ ದೊಡ್ಡ ಉದ್ಘಾಟನೆ. ಗೌಡರೇ ತೆಂಗಿನಕಾಯಿ ಒಡೆದರು, ಮೆಷಿನ್ನಿಗೆ ಕುಂಕುಮ ಹಚ್ಚಿದರು. ಮಾಸ್ತರಸಾಬರು ಗುಂಡಿ ಒತ್ತಿದರು, ಮೆಷಿನ್ನು ಗುಂಯ್ ಎಂದಿತು, ಎಲ್ಲರೂ ಹತ್ತಿರ ಬಗ್ಗಿದರು, ಮತ್ತು ಕರೆಂಟು ಹೋಯಿತು. ಹಂಚಲು ತಂದ ಪೇಢೆ ಮುಗಿದವು, ಚಹಾ ಮುಗಿಯಿತು, ಕರೆಂಟು ಬರಲಿಲ್ಲ.

"ಮಾಸ್ತರ, ಇವತ್ತ ನಿಮ್ಮ ಮೆಷಿನ್ನಿಂದು ರೋಜಾ ಉಪಾಸ ಏನ್ರೀ?" ಎಂದರು ಗೌಡರು. ಊರು ಬಿದ್ದು ಬಿದ್ದು ನಕ್ಕಿತು. ಮಾಸ್ತರಸಾಬರೂ ನಕ್ಕರು. ಆದರೆ ಅವತ್ತಿನಿಂದ ಗೋಡೆಗೆ ವೈರು ಚುಚ್ಚುವ ಯಾವ ಯಂತ್ರವನ್ನೂ ಅವರು ಕಮಲಾಪುರಕ್ಕೆ ಒಯ್ಯಲಿಲ್ಲ.

ಕಂಪ್ಯೂಟರು ಬಂತು. ಟೈಪಿಂಗಿಗೆ ಬರುವವರು ಕರಗುತ್ತ ಬಂದರು. ಕಮಲಾಪುರದ ತಂದೆಯಂದಿರು, "ಟಕ್ ಟಕ್ ಬ್ಯಾಡ್ರಿ, ಕಂಪ್ಯೂಟರ್ ಇದ್ರ ಹೇಳ್ರಿ," ಎನ್ನತೊಡಗಿದರು. ಅಲ್ಲಿ ಮುಂಜಾನೆ ಹತ್ತಕ್ಕೆ ಹೋದ ಕರೆಂಟು ಹೊತ್ತು ಮುಳುಗುವಾಗ ಬರುತ್ತಿತ್ತು. ಮೇಜಿನ ಕಂಪ್ಯೂಟರು ಇಟ್ಟರೆ ಅದಕ್ಕೆ ದಿನಾ ಕುಂಕುಮ ಹಚ್ಚಬೇಕಿತ್ತು, ಅಷ್ಟೆ. ಬ್ಯಾಟರಿಯ ಮೇಲೆ ನಡೆಯುವ ಲ್ಯಾಪ್‌ಟಾಪೇ ಬೇಕು ಎಂದು ಮಾಸ್ತರಸಾಬರು ತೀರ್ಮಾನಿಸಿದರು. ಯಾವುದು ಎಂಬುದೂ ಗೊತ್ತಾಯಿತು: ಆಗ ಎಲ್ಲ ಪತ್ರಿಕೆಗಳೂ ಹೊಗಳುತ್ತಿದ್ದ ಒಂದು ಕರಿಬಣ್ಣದ ಲ್ಯಾಪ್‌ಟಾಪು, ಅದಕ್ಕೆ ವರ್ಷಕ್ಕೊಂದು ಹೊಸ ಅವತಾರ. ಅಲ್ಲಿಂದ ನನ್ನ ಗೋಳು ಶುರುವಾಯಿತು.

ಏಕೆಂದರೆ ಅವರು ಕೊಳ್ಳಲೊಲ್ಲರು. ಸದ್ಯದ ಮಾಡೆಲ್ಲಿನ ಬ್ಯಾಟರಿ ಎರಡು ತಾಸು. "ಎರಡು ತಾಸಿಗೆ ಆರಿದ್ರ ಗೌಡ್ರು ಏನಂತಾರ? ಮುಂದಿಂದು ಬರ್ಲಾಕತ್ತದ, ಅದರಾಗ ಮೂರು ಅಂತ." ಮೂರರದು ಬಂದಾಗ, ಮುಂದಿನದು ನಾಲ್ಕಂತೆ ಎಂಬ ಸುದ್ದಿ ಅದಕ್ಕಿಂತ ಮೊದಲೇ ಬಂದಿರುತ್ತಿತ್ತು. ಸುದ್ದಿಯ ಮೂಲಗಳು ಮೂರು: ಬಸ್ ಸ್ಟ್ಯಾಂಡಿನ ಅಂಗಡಿಗೆ ತಡವಾಗಿ ಬರುವ ಇಂಗ್ಲಿಷ್ ಪತ್ರಿಕೆ, ಹೈದರಾಬಾದಿನ ಅವರ ಅಳಿಯ, ಮತ್ತು ಕೆಳಗಿನ ಬೇಕರಿಯವನು. ಪತ್ರಿಕೆಯಲ್ಲಿ 'ಸ್ವಲ್ಪ ಹೆಚ್ಚಬಹುದು' ಎಂದಿದ್ದ ಬ್ಯಾಟರಿ ಅಳಿಯನ ಫೋನಿನಲ್ಲಿ ಐದು ತಾಸಾಗುತ್ತಿತ್ತು. ಬೇಕರಿಯವನ ಬಾಯಲ್ಲಿ ಅದಕ್ಕೆ ಚಾರ್ಜೇ ಬೇಡ, ಬಿಸಿಲಿಗಿಟ್ಟರೆ ಸಾಕು.

ನಾನು ಕಚೇರಿಯಿಂದ ನೇರ ಅವರ ಮಾಳಿಗೆಗೆ ಹೋಗಿ ಜಗಳಾಡುತ್ತಿದ್ದೆ.

"ಸಾಬ್, ಹಿಂಗ ಕಾಯ್ಕೋತ ಕುಂತ್ರ ಮುಂದಿಂದಕ್ಕೂ ಒಂದು ಮುಂದಿಂದು ಇರ್ತದ."

"ಹೌ. ಅದಕ್ಕ ತಾನ ಅವಸರ ಮಾಡಬಾರ್ದು ಅನ್ನೋದು."

"ಹುಡುಗೇರು ಕಾಯಂಗಿಲ್ರಿ."

"ಆರಿಹೋಗೋ ಮೆಷಿನ್ ತೋರ್ಸಿದ್ರ ಹುಡುಗೇರು ಬರಂಗೇ ಇಲ್ಲ. ಅವಾಗ?"

ನಾನು ಮನೆಯ ಚಿಲಕ ಹಾಕಿದ್ದೇನೋ ಇಲ್ಲವೋ ನೋಡಲು ಅರ್ಧ ದಾರಿಯಿಂದ ತಿರುಗಿ ಹೋಗುವ ಮನುಷ್ಯ. ಅಳುಕಿನ ವಿಷಯದಲ್ಲಿ ಇನ್ನೊಬ್ಬರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೆಲ್ಲಿಯದು? ಆದರೂ ಸಿಟ್ಟು ಬರುತ್ತಿತ್ತು. ಮೆಟ್ಟಿಲಿಳಿದು ಬಂದು ಆ ಸಿಟ್ಟನ್ನು ಬನ್ನಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಆ ವರ್ಷಗಳಲ್ಲಿ ನನಗೆ ಹೊಟ್ಟೆ ಬಂತು, ಮಾಸ್ತರಸಾಬರಿಗೆ ಲ್ಯಾಪ್‌ಟಾಪು ಬರಲಿಲ್ಲ.

ಕೊನೆಗೆ ಗೌಡರೇ ಹೇಳಿ ಕಳಿಸಿದರು. ಖೋಲಿ ಅರ್ಧ ಖಾಲಿ ಬಿದ್ದಿದೆ, ತಮಗೆ ಚೀಲ ಇಡಲು ಜಾಗ ಬೇಕು. ಮಾಸ್ತರರು ಕರೆಂಟಿಲ್ಲದಾಗ ಕಂಪ್ಯೂಟರು ನಡೆಸಿ ತೋರಿಸಿದರೆ ತಾವೇ ಮನೆಮನೆಗೆ ಹೇಳಿ ಹುಡುಗಿಯರನ್ನು ಸೇರಿಸುತ್ತಾರೆ. ಶನಿವಾರದೊಳಗೆ ತೋರಿಸದಿದ್ದರೆ ಕೀಲಿ ಕೊಡಬೇಕು. ಭಾನುವಾರ ಚೀಲ ಬರುತ್ತವೆ.

ಮಾಸ್ತರಸಾಬರು ಆ ದಿನ ಸುಮ್ಮನೆ ಟವೆಲ್ಲು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. "ಐದು ತಾಸಿಂದು ಬಂದದಂತ," ಎಂದರು. ಮರುದಿನವೇ ಹೈದರಾಬಾದಿಗೆ ಹೋದೆವು. ಅಂಗಡಿಯ ಹುಡುಗ ಬಾಕ್ಸು ಕಟ್ಟುತ್ತ, "ಇನ್ನೊಂದ್ ಸ್ವಲ್ಪ ತಡೆದ್ರೆ ಹೊಸದು..." ಎಂದು ಉರ್ದುವಿನಲ್ಲಿ ಬಾಯಿ ತೆರೆದ. ನಾನು ಅವನ ಕಾಲನ್ನು ತುಳಿದೆ. ನನ್ನ ಬಾಳಿನಲ್ಲಿ ನಾನು ಮಾಡಿದ ಧೈರ್ಯದ ಕೆಲಸ ಅದೊಂದೇ.

ಮಾಸ್ತರಸಾಬರು ಈಗಿಲ್ಲ. ಅದಾಗಿ ಕೆಲವು ವರ್ಷಕ್ಕೆ ಒಂದು ಬೆಳಗಿನ ನಮಾಜು ಮುಗಿಸಿ ಬಂದು ಮಲಗಿದವರು ಏಳಲಿಲ್ಲ. ಮಣ್ಣಾದ ಮರುದಿನ ಗಿರಣಿ ಗೌಡರು ಮೋಮಿನಪುರದ ಮನೆಗೆ ಬಂದು ಕಣ್ಣೊರೆಸಿಕೊಂಡು ಕೂತರು. ಆಮೇಲೆ, "ಮೆಷಿನ್ನಿಗಿ ಕಾಯಿ ಒಡದೀನಿ, ಕರೆಂಟ್ ಹೋಗಿಬಿಡ್ತು ನೋಡ್ರಿ," ಎಂದು ಆ ಹಳೇ ಕಥೆ ಹೇಳಿದರು. ಅಳುತ್ತಿದ್ದವರೆಲ್ಲ ನಕ್ಕರು. ಲ್ಯಾಪ್‌ಟಾಪಿನ ದಿನದ ಮಾತನ್ನು ಯಾರೂ ಎತ್ತಲಿಲ್ಲ. ಹೇಳಬೇಕಾದವನು ನಾನು, ಬಂದವರಿಗೆ ಚಹಾ ಹಂಚುತ್ತ ಓಡಾಡಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅದು ಶನಿವಾರ. ಬಸ್ಸಿನಲ್ಲಿ ಏನೂ ಬೀಳಲಿಲ್ಲ, ಏನೂ ಚೆಲ್ಲಲಿಲ್ಲ. ಖೋಲಿ ಕಿಕ್ಕಿರಿದಿತ್ತು. ಮುಂದೆ ಹುಡುಗಿಯರು, ಹಿಂದೆ ತಾಯಂದಿರು, ಬಾಗಿಲಲ್ಲಿ ಗಂಡಸರು, ಕುರ್ಚಿಯಲ್ಲಿ ಗೌಡರು. ಚಾರ್ಜರನ್ನು ಮಾಸ್ತರಸಾಬರು ಬೇಕೆಂತಲೇ ಕಲಬುರಗಿಯಲ್ಲಿ ಬಿಟ್ಟು ಬಂದಿದ್ದರು. ಎಲ್ಲಿಯೋ ವೈರು ಅಡಗಿಸಿದ್ದಾರೆ ಎಂದು ಯಾರೂ ಅನ್ನಬಾರದು. ಒಂಬತ್ತೂವರೆಗೆ ಮುಚ್ಚಳ ತೆರೆದರು. ಪಾಸ್‌ವರ್ಡ್ ನೆನಪಿತ್ತು. ಪರದೆ ಬೆಳಗಿತು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರು ಹೊಡೆದು, ಅದು ಕನ್ನಡದಲ್ಲಿ ಮೂಡಿದಾಗ ಸೆರಗು ಬಾಯಿಗಿಟ್ಟು ನಕ್ಕರು.

"ಹತ್ತಕ್ಕ ನೋಡ್ರಿ ಗೌಡ್ರೆ," ಎಂದರು ಮಾಸ್ತರಸಾಬರು. "ಹತ್ತಕ್ಕ ಅಸಲಿ ತಮಾಶಾ."

ಹತ್ತಾಯಿತು. ಎಲ್ಲರೂ ತಲೆಯೆತ್ತಿ ಫ್ಯಾನನ್ನು ನೋಡಿದರು. ಫ್ಯಾನು ತಿರುಗುತ್ತಿತ್ತು. ಹತ್ತೂಕಾಲು. ತಿರುಗುತ್ತಿತ್ತು. ಹತ್ತೂವರೆ.

"ಕರೆಂಟ್ ಇದ್ದಾಗ ನಮ್ಮ ಗಿರಣೀನೂ ನಡೀತದ ಬಿಡ್ರಿ ಮಾಸ್ತರ," ಎಂದು ಗೌಡರು ಎದ್ದರು.

"ಗೌಡ್ರೆ, ಮೇನ್ ಸ್ವಿಚ್ ಒಂದೀಟು ಇಳಸ್ರಿ. ಐದು ನಿಮಿಷ," ಎಂದೆ ನಾನು. ಗಿರಣಿಗೂ ಖೋಲಿಗೂ ಒಂದೇ ಮೇನು.

"ಏನ್ ಮಾತಾಡ್ತೀರಿ? ಹತ್ತರ ಮ್ಯಾಲ ಕರೆಂಟ್ ಇದ್ದದ್ದು ಯಾವಾಗ ನೋಡೀರಿ? ಹೊರಗ ಪಾಳಿ ನೋಡ್ರಿ!"

ನಿಜ. ಕರೆಂಟು ಹೋಗಿಲ್ಲವೆಂಬ ಸುದ್ದಿ ಊರೆಲ್ಲ ಹರಡಿತ್ತು. ಜೋಳದ ಡಬ್ಬಿಗಳು ಗಿರಣಿಯ ಮುಂದೆ ಸಾಲುಗಟ್ಟಿದ್ದವು. ತಾಯಂದಿರು ಒಬ್ಬೊಬ್ಬರಾಗಿ ಎದ್ದು ಮನೆಗೆ ಡಬ್ಬಿ ತರಲು ಓಡಿದರು. ಗಂಡಸರು ಹೊಲದ ಪಂಪು ಚಾಲೂ ಮಾಡಲು ಹೋದರು. ಡಬ್ಬಿ ಹೊರಲು ಬಾ ಎಂದು ಹುಡುಗಿಯರಿಗೂ ಕರೆ ಬಂತು. "ಕರೆಂಟ್ ಹೋದ ಕೂಡಲೇ ಹೇಳಿ ಕಳಸ್ರಿ, ಎಲ್ಲಾರೂ ಬರ್ತೀವಿ," ಎಂದು ಗೌಡರು ಹೇಳಿ ಹೋದರು.

ಖೋಲಿಯಲ್ಲಿ ಉಳಿದದ್ದು ಮಾಸ್ತರಸಾಬರು, ನಾನು, ಉರಿಯುವ ಪರದೆ.

"ಆರಿಸಿ ಇಡೂಣ್ರಿ ಸಾಬ್. ಹೋದಾಗ ಹಚ್ಚಿದ್ರಾಯ್ತು."

"ನಕ್ಕೋ. ಅವರು ಓಡಿ ಬಂದಾಗ ಇದು ಮುಂಚಿನಿಂದ ನಡ್ಯಾಕತ್ತಿರಬೇಕು. ಆರಿಸಿ ಹಚ್ಚಿದ್ರ ಇದೊಂದು ಆಟ ಅಂತಾರ."

ಹನ್ನೊಂದು. ಹನ್ನೆರಡು. ಅಳಿಯ ಹೇಳಿದ್ದು ಸುಳ್ಳಾಗಿರಲಿಲ್ಲ. ಬ್ಯಾಟರಿ ಕುದುರೆಯಂತೆ ಓಡುತ್ತಿತ್ತು. ನೋಡಲು ಒಬ್ಬರೂ ಇರಲಿಲ್ಲ. ಮಾಸ್ತರಸಾಬರು ಊಟ ಬಿಟ್ಟು ಫ್ಯಾನಿನ ಕೆಳಗೆ ನಿಂತಿದ್ದರು. ಬಾಗಿಲಿಗೆ ಬಂದ ಅತಿಥಿಯನ್ನು ಬೀಳ್ಕೊಡುವಷ್ಟು ನಯವಾಗಿ ಮೇಲೆ ನೋಡಿ ಕರೆಂಟಿಗೆ ಹೇಳಿದರು:

"ಹೋಗವ್ವ. ಒಂದೈದು ನಿಮಿಷ ಹೋಗಿ ಬಾರವ್ವ."

ಎರಡೂವರೆ ದಾಟಿದ ಮೇಲೆ ಪರದೆ ಒಮ್ಮೆ ಮಿನುಗಿ ಆರಿತು. ಐದು ತಾಸು ಪೂರಾ. ಆಗಲೇ ಗೌಡರು ರೆಪ್ಪೆಯ ಮೇಲೆಲ್ಲ ಹಿಟ್ಟು ಕೂರಿಸಿಕೊಂಡು ಒಳಗೆ ಬಂದರು. "ಆರೇಬಿಡ್ತೇನ್ರೀ?" ಎಂದರು, ನಗದೆ.

"ಮುಂಜಾನಿಂದ ನಡದಿತ್ರಿ, ವೈರಿಲ್ದ!" ಎಂದು ನಾನು ಕೂಗಿದೆ.

"ಇರಬಹುದು ತಮ್ಮಾ. ನಾ ಎಲ್ಲಿ ನೋಡೀನಿ?"

ಮಾಸ್ತರಸಾಬರು ನನ್ನ ಭುಜ ಒತ್ತಿ ಸುಮ್ಮನಾಗಿಸಿದರು. ಮುಚ್ಚಳ ಮುಚ್ಚಿ, ಚೀಲಕ್ಕೆ ಹಾಕಿ, ಜೇಬಿನಿಂದ ಖೋಲಿಯ ಕೀಲಿ ತೆಗೆದು ಗೌಡರ ಹಿಟ್ಟಿನ ಕೈಯಲ್ಲಿಟ್ಟರು. ನಾವು ರಸ್ತೆಗೆ ಬಂದು ಬಸ್ಸಿಗೆ ನಿಂತೆವು. ಬಸ್ಸು ತಡವಾಯಿತು. ಅಷ್ಟು ಹೊತ್ತೂ ಗಿರಣಿಯ ಸದ್ದು ಒಂದೇ ಸಮನೆ ಕೇಳಿಸುತ್ತಲೇ ಇತ್ತು.