ಎರಡನೇ ಪ್ಯಾರಾ ಶುದ್ಧ ಸುಳ್ಳು

ಸೊರಬದಲ್ಲಿ ಕೋರ್ಟಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ. ಯಾರ ಮೇಲೆ ದಾವೆ ಬಿದ್ದರೂ ಅವರ ಉತ್ತರ ಟೈಪಾಗುವುದು ಇಲ್ಲೇ. ದಾವೆಯಲ್ಲಿ ಬರೆದ ಯಾವ ಮಾತನ್ನು ನೀವು ಅಲ್ಲ ಅನ್ನುವುದಿಲ್ಲವೋ, ಅದನ್ನು ಒಪ್ಪಿಕೊಂಡ ಹಾಗೆ. ಹಾಗಾಗಿ ವಕೀಲರು ರಗಳೆಯೇ ಬೇಡವೆಂದು ಎಲ್ಲವನ್ನೂ ಅಲ್ಲ ಅಂದುಬಿಡುತ್ತಾರೆ. ಅದರ ನಮೂನೆ ನನ್ನ ಕಂಪ್ಯೂಟರಿನಲ್ಲಿ ಸಿದ್ಧವೇ ಇದೆ, ಹೆಸರು ಬದಲಾಯಿಸಿದರೆ ಮುಗಿಯಿತು.

ಮೊನ್ನೆ ಜಡೆ ಊರಿನ ಕಡೆಯ ರೈತರೊಬ್ಬರು ತಾಯಿಯ ಜೊತೆ ಬಂದರು. ಗದ್ದೆಯ ದಾರಿಗೆ ಬೇಲಿ ಹಾಕಿದ್ದಾರೆಂದು ಅವರ ಮೇಲೆ ಸ್ವಂತ ಅಣ್ಣನೇ ದಾವೆ ಹೂಡಿದ್ದರು. ಸಹಿ ಹಾಕಿಸುವ ಮೊದಲು ಉತ್ತರವನ್ನು ಓದಿ ಹೇಳಿದೆ.

"ವಾದಿ ಮತ್ತು ಪ್ರತಿವಾದಿ ಒಂದೇ ತಾಯಿಯ ಮಕ್ಕಳೆಂಬ ಎರಡನೇ ಪ್ಯಾರಾ ಶುದ್ಧ ಸುಳ್ಳು. ವಾದಿಯು ಅದನ್ನು ರುಜುವಾತು ಮಾಡತಕ್ಕದ್ದು."

ಬೆಂಚಿನ ಮೇಲಿದ್ದ ತಾಯಿ ತಲೆ ಎತ್ತಿದರು. "ಯಾವ್ದು ಸುಳ್ಳು? ಇಬ್ರನ್ನೂ ಹೆತ್ತೋಳು ಇಲ್ಲೇ ಕೂತಿದೀನಲ್ಲ."

"ಅದು ಕೋರ್ಟಿನ ಬರವಣಿಗೆ ಕಣವ್ವ, ಮನಸಿಗೆ ಹಚ್ಕಬೇಡ," ಅಂದರು ಮಗ. ಆಮೇಲೆ ನನ್ನ ಕಡೆ ತಿರುಗಿ, "ಅದೊಂದು ಸಾಲು ತೆಗೀರಿ," ಅಂದರು.

ಅವರ ವಕೀಲರಿಗೆ ಫೋನು ಮಾಡಿದೆ. "ತೆಗೆದ್ರೆ ಒಪ್ಕೊಂಡ ಹಾಗಾಗುತ್ತೆ, ಇರ್ಲಿ ಬಿಡಿ," ಅಂದರು. ಮಗ ತಾಯಿಯ ಮುಖ ನೋಡದೆ ಸಹಿ ಹಾಕಿದರು.

ತಾಯಿ ಸೆರಗು ಕೊಡವಿ ಎದ್ದರು. "ದೊಡ್ಡೋನ ವಕೀಲರು ಎಲ್ಲಿ ಕೂರ್ತಾರ್ರೀ? ರುಜುವಾತು ಕೇಳಿದಾರಲ್ಲ, ನಾನೇ ಹೋಗ್ತೀನಿ."

ಪಕ್ಕದ ಕಟ್ಟಡದ ಮಹಡಿ ತೋರಿಸಿದೆ. ಇಷ್ಟು ವರ್ಷದಲ್ಲಿ ನನ್ನ ಅಂಗಡಿಯಿಂದ ನಿಜ ಹೊರಟಿದ್ದು ಅದೇ ಮೊದಲು, ಅದೂ ಟೈಪಾಗದೆ.