ಹದಿನೈದು ದಾಟಿದ ಮುಳ್ಳು

ನಂಗಲಿಯ ಗಂಗರತ್ನಮ್ಮನಿಗೆ ಓಟ ಕಲಿಸಿದ್ದು ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳು. ಬೆಳಗ್ಗೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿದ ಮೇಲೆ ಅವಳು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಓಡುವಳು. ಅಪ್ಪ ಮುನಿಯಲ್ಲಪ್ಪ ಸೈಕಲ್ಲಿನಲ್ಲಿ ಹಿಂದೆ ಬಂದು ಗಡಿಯಾರ ನೋಡುವನು. ಕಲ್ಲಿಗೆ ನಾಲ್ಕು ನಿಮಿಷ. ಆ ಕಡೆಯವರು ದಾರಿ ಅಳೆಯುವುದೇ ಹಾಗೆ. ಮುಳಬಾಗಿಲು ಎಷ್ಟು ದೂರ ಎಂದರೆ ಎಷ್ಟು ಹೊತ್ತಿನ ದಾರಿ ಎಂದು ಹೇಳುತ್ತಾರೆ. ಹೊತ್ತು ಕಡಿಮೆಯಾದಷ್ಟೂ ಕಾಲು ಚುರುಕು.

೧೯೮೩ರಲ್ಲಿ ಜಿಲ್ಲಾ ತಂಡದ ಆಯ್ಕೆಗೆಂದು ಅಪ್ಪ, ಮಗಳು ಕೋಲಾರಕ್ಕೆ ಬಂದರು. ಹೊರಗಿನವರ ಜೊತೆ ಒಂದು ಸಲವಾದರೂ ಓಡಬೇಕು. ಅವಳಿಗಿದ್ದ ಆಸೆ ಅದೊಂದೇ. ಆಯ್ಕೆ ಮಾಡುವ ಸಾಹೇಬರು ಬಿಸಿಲೇರಿದ ಮೇಲೆ ಜೀಪಿನಿಂದ ಇಳಿದರು. ಓಡಿಸಿ ನೋಡಲು ಅವರಿಗೆಲ್ಲಿ ಪುರುಸೊತ್ತು? ಶಾಮಿಯಾನದ ನೆರಳಲ್ಲಿ ಕೂತು ಬಾಯಲ್ಲೇ ಓಟ ಮುಗಿಸಿದರು. ಗಂಟೆಗೆ ಹನ್ನೆರಡು ಕಿಲೋಮೀಟರಿಗಿಂತ ಕಡಿಮೆ ಓಡುವವರು ಬೇಡವೆಂಬುದು ಅವರ ನಿಯಮ. ಅದನ್ನು ಯಾರಿಗೂ ಹೇಳಿರಲಿಲ್ಲ.

“ಎಷ್ಟಮ್ಮ ನಿಂದು?”

“ನಾಲ್ಕು ಸಾರ್.”

“ನಾಲ್ಕಾ? ಎಮ್ಮೆ ಮೇಯಿಸ್ಕೊಂಡು ಬಂದ್ಯಾ? ಮುಂದಿನೋರು ಬನ್ನಿ.”

ಮುಂದಿನವಳು ಮಾಸ್ತಿಯ ಶಾಮಲಮ್ಮ. “ಹದಿಮೂರು ಸಾರ್,” ಅಂದಳು. ಸಾಹೇಬರು ಭೇಷ್ ಎಂದು ಹೆಸರು ಬರೆದುಕೊಂಡರು. ಶಾಮಲಮ್ಮ ಗಾಬರಿಯಿಂದ ಗಂಗರತ್ನಮ್ಮನ ಕಿವಿಯಲ್ಲಿ, “ಅಕ್ಕಾ, ನಾನು ಹೇಳಿದ್ದು ನಿಮಿಷ ಕಣಕ್ಕಾ,” ಅಂದಳು.

ಅದು ಕಿವಿಗೆ ಬಿದ್ದ ಮುನಿಯಲ್ಲಪ್ಪ ಮುಂದೆ ಬಂದ. “ಸಾರ್, ನಮ್ಮ ಮಗೂದು ಕಿಲೋಮೀಟರಿಗೆ ನಾಲ್ಕು ನಿಮಿಷ. ಅರವತ್ತನ್ನ ನಾಲ್ಕರಿಂದ ಭಾಗಿಸಿ, ಗಂಟೆಗೆ ಹದಿನೈದಾಯ್ತದೆ. ಆ ಮಗೂದು ಭಾಗಿಸಿದ್ರೆ ಐದೂ ಬರಲ್ಲ.”

“ನಂಗೇ ಲೆಕ್ಕ ಹೇಳ್ಕೊಡ್ತೀಯೇನಯ್ಯ?”

“ಒಂದ್ಸಲ ಓಡಿಸಿ ನೋಡಿ ಸಾರ್,” ಅಂದಳು ಗಂಗರತ್ನಮ್ಮ.

“ಊಟದ ಹೊತ್ತಾಯ್ತು.”

ಒಂದು ಭಾಗಾಕಾರ ಸಾಕಿತ್ತು. ಸಾಹೇಬರಿಗೆ ತಮ್ಮ ಭತ್ಯೆಯಲ್ಲಿ ಬಿಡಿಗಾಸೂ ತಪ್ಪದ ಲೆಕ್ಕ ನಂಗಲಿಯ ಹುಡುಗಿಯ ಸರದಿಗೆ ಬಂದಾಗ ಮಾತ್ರ ಭಾರವಾಯಿತು. ತಪ್ಪೆಂದು ತಿಳಿದ ಮೇಲೂ ತಿದ್ದದವರನ್ನು ದಡ್ಡರೆಂದು ಕ್ಷಮಿಸುವುದು ಹೇಗೆ?

ಮೈದಾನದಾಚೆ ರಸ್ತೆಗೆ ಜಲ್ಲಿ ಹರಡಿತ್ತು. ಜೀಪು ಕುಲುಕುತ್ತ ನಿಧಾನವಾಗಿ ಹೊರಟಿತು. ಗಂಗರತ್ನಮ್ಮ ಚಪ್ಪಲಿ ಬಿಟ್ಟಳು, ಲಂಗ ಎತ್ತಿ ಕಟ್ಟಿದಳು, ಪಕ್ಕದ ಮಣ್ಣಿನಲ್ಲಿ ಜೀಪಿನ ಸಮಕ್ಕೆ ಓಡತೊಡಗಿದಳು. ಸಾಹೇಬರ ಮುಖವನ್ನೇ ನೋಡುತ್ತ.

ಡ್ರೈವರ್ ಕದಿರೇಶ ಮೀಟರಿನ ಕಡೆ ಕಣ್ಣು ಹಾಯಿಸಿದ. “ಸಾರ್, ಮುಳ್ಳು ಹದಿನೈದು ದಾಟ್ತು. ಆಯಮ್ಮ ಇನ್ನೂ ಪಕ್ಕದಲ್ಲೇ ಅವ್ಳೆ.”

ಸಾಹೇಬರು ಅವಳ ಕಡೆ ನೋಡಲಿಲ್ಲ. “ಮೀಟರ್ ಕೆಟ್ಟಿದೆ. ನಾಳೆ ರಿಪೇರಿಗೆ ಬಿಡು.”

ಮರುದಿನ ಮೀಟರ್ ರಿಪೇರಿಗೆ ಹೋಯಿತು. ಬೆಂಗಳೂರಿನ ಪಂದ್ಯಕ್ಕೆ ಶಾಮಲಮ್ಮ ಹೋದಳು. ಗಂಗರತ್ನಮ್ಮ ಹೊರಗಿನವರ ಜೊತೆ ಓಡಿದ್ದು ಜೀವನದಲ್ಲಿ ಒಂದೇ ಸಲ, ಆ ಜೀಪಿನ ಜೊತೆ.